ನಾನು ದಾಟಿದ ಹಿಮದ ಕಣಿವೆ

ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕರು, “ನಿನ್ನ ಹಿಮಾಲಯ ಪ್ರವಾಸದ ಮೇಲೆ ಒಂದು ಲೇಖನ ಬರೆದುಕೊಡು, ನಾಲ್ಕು ಜನಕ್ಕೆ ಸ್ಫೂರ್ತಿಯಾಗುವಂತಿರಲಿ” ಎಂದು ಹೇಳಿ ಮೂರು ವಾರಗಳಾದವು. ಈ ಮೂರು ವಾರಗಳಲ್ಲಿ ನಾಲ್ಕು ಸಾರೆ ಬರೆಯಲು ಕುಳಿತು, ನಾಲ್ಕು ಸಾರೆಯೂ ಹಾಳೆಯನ್ನು ಹರಿದುಹಾಕಿದ್ದೇನೆ. ಬರೆಯಲು ವಿಷಯವಿಲ್ಲವೆಂದಲ್ಲ, ವಿಷಯ ಬೇಕಾದಷ್ಟಿದೆ. ಆದರೆ ಸಂಪಾದಕರು ಕೇಳಿದ ಲೇಖನವನ್ನು ಬರೆದರೆ ಅದು ನಿಜವಾಗುವುದಿಲ್ಲ. ನಿಜವನ್ನು ಬರೆದರೆ ಅದು ಅವರು ಕೇಳಿದ ಲೇಖನವಾಗುವುದಿಲ್ಲ. ಇದೇ ನನ್ನ ತೊಡಕು. ಕೊನೆಗೆ ಎರಡನೆಯದನ್ನೇ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಸ್ಫೂರ್ತಿಯ ಮಾತು ಓದುವವರಿಗೆ ಬಿಟ್ಟದ್ದು.

ಕಾಲೇಜಿನ ಬಹುಮಂದಿಗೆ ಒಂದು ಚಿತ್ರದ ನೆನಪಿರಬಹುದು. ಅದರಲ್ಲಿ ನಾನು ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಹಿಮದ ರಾಶಿಯ ಮುಂದೆ, ಬರಾಲಾಚಾ ಕಣಿವೆಯ ಹೆಸರು ಬರೆದ ಫಲಕವನ್ನು ಹಿಡಿದು ನಿಂತಿದ್ದೇನೆ. ಕೆಳಗೆ ನಾನೇ ಬರೆದ ಸಾಲು: “ಹದಿನಾರು ಸಾವಿರ ಅಡಿ. ಒಬ್ಬನೇ ದಾಟಿದೆ.” ಈ ಚಿತ್ರ ಒಂದು ತಿಂಗಳು ನಮ್ಮ ಸೂಚನಾ ಫಲಕದ ಮೇಲಿತ್ತು. 2024ರ ಆಗಸ್ಟಿನಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಗುರುಗಳೊಬ್ಬರು ನನ್ನನ್ನು “ಹಿಮವೀರ” ಎಂದು ಕರೆದರು. ಆ ಹೆಸರು ಇಂದಿಗೂ ಕ್ಯಾಂಟೀನಿನಲ್ಲಿ ನನ್ನ ಬೆನ್ನು ಬಿಟ್ಟಿಲ್ಲ.

“ಒಬ್ಬನೇ ದಾಟಿದೆ.” ಇರುವುದು ಎರಡೇ ಪದ. ಈ ಎರಡರಲ್ಲಿ ಒಂದೂ ಪೂರ್ತಿ ನಿಜವಲ್ಲ. ಹೇಗೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮದು ಕಿನ್ನಾಳ. ಬೊಂಬೆ ಮಾಡುವ ಮನೆ. ತಂದೆಯವರು ಮರ ಕೆತ್ತಿ ಬಣ್ಣ ಹಚ್ಚುತ್ತಾರೆ. ನಾನು ಬಣ್ಣದ ಕೆಲಸ ಕಲಿಯಲಿಲ್ಲ. ಕೈ ಯಂತ್ರದ ಕಡೆಗೆ ಹೋಯಿತು. ರವಿವಾರಗಳಲ್ಲಿಯೂ ರಜೆಯಲ್ಲಿಯೂ ಕೊಪ್ಪಳದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೆನು. ಅಲ್ಲಿಯ ಚಾಚಾ ಕೂಲಿಯ ಬದಲು ಒಂದು ಹಳೆಯ ಹೀರೋ ಹೋಂಡಾ ಸ್ಪ್ಲೆಂಡರನ್ನು ನನಗೆ ಕಂತಿನ ಮೇಲೆ ಕೊಟ್ಟರು. ಅದರ ಯಂತ್ರ 97 ಸಿ.ಸಿ.ಯದು. ಅದನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ, ಅದರ ಒಂದೊಂದು ಬೋಲ್ಟೂ ನನಗೆ ಗುರುತಾಯಿತು. ಗಾಡಿ ಕೈಗೆ ಬಂದ ಮೇಲೆ ಅದನ್ನು ಎಲ್ಲಿಯವರೆಗೆ ಒಯ್ಯಬಹುದೆಂಬ ಹುಚ್ಚು ಹತ್ತಿತು. ಮನಾಲಿಯಿಂದ ಲೇಹಕ್ಕೆ ಹೋಗುವ ದಾರಿಯ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಆ ಹುಚ್ಚಿಗೆ ಒಂದು ಹೆಸರು ದೊರೆಯಿತು: ಬರಾಲಾಚಾ ಲಾ. “ಲಾ” ಎಂದರೆ ಟಿಬೆಟ್ಟಿನ ಕಡೆಯ ಭಾಷೆಯಲ್ಲಿ ಕಣಿವೆಯ ದಾರಿ.

ಮನೆಯಲ್ಲಿ ಹೇಳಿದಾಗ ಅಜ್ಜಿ, “ಫಟಫಟಿ ಮ್ಯಾಲ ಕಾಶಿ ದಾಟಿ ಹೊಕ್ಕಾನಂತ!” ಎಂದು ನಕ್ಕಳು. ಅವ್ವ ನಗಲಿಲ್ಲ. ನಮ್ಮ ಸೀಮೆಯ ತಾಯಂದಿರಿಗೆ ಹಿಮವೆಂದರೆ ಒಂದೇ ನೆನಪು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಸೈನಿಕರು ಹುಗಿದುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು ಹಲವು ದಿನ ಹಿಮದ ಕೆಳಗಿದ್ದೂ ಜೀವಂತವಾಗಿ ಸಿಕ್ಕರು; ಊರೂರುಗಳಲ್ಲಿ ಪೂಜೆಗಳಾದವು; ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಾನಾಗ ಸಣ್ಣ ಹುಡುಗ. ಅಂದು ಅವ್ವ ಒಲೆ ಹಚ್ಚಲಿಲ್ಲವೆಂಬುದು ನೆನಪಿದೆ.

“ಬೆಟದೂರಿನ ಹನಮಂತಪ್ಪನ ಸುದ್ದಿ ಮರತಿಯೇನು? ಮಿಲಿಟ್ರಿಯವರಿಗೇ ಆಗಲಿಲ್ಲ, ನಿನಗಾಗತೈತೇನು?” ಎಂದಳು.

“ಅವರು ಇದ್ದದ್ದು ಎಲ್ಲಿ, ನಾ ಹೋಗೂದು ಎಲ್ಲಿ, ಯವ್ವಾ. ಇದು ಬಸ್ಸು ಲಾರಿ ಓಡ್ಯಾಡೂ ರಸ್ತೆ” ಎಂದೆನು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡು. ನಾನಂತೂ ಹುಬ್ಬಳ್ಳಿ ದಾಟಿಲ್ಲ. ಅವನಾದರೂ ನೋಡ್ಲಿ” ಎಂದರು. ಎರಡು ಸಣ್ಣ ಮರದ ಗಿಳಿಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. “ದಾರ್ಯಾಗ ಯಾರರ ಉಪಕಾರ ಮಾಡಿದ್ರ ಕೊಡು.”

ಚಾಚಾ ಒಂದು ಕ್ಲಚ್ ವೈರು, ಎರಡು ಪ್ಲಗ್ಗು, ಒಂದು ಟ್ಯೂಬು ಕೊಟ್ಟು ಉಪದೇಶ ಹೇಳಿದರು: “ಮ್ಯಾಲ ಹೋದಂಗ ಗಾಳಿ ತೆಳ್ಳಗಾಗತೈತಿ ಬೇಟಾ. ಗಾಳಿ ಕಮ್ಮಿ, ಪೆಟ್ರೋಲು ಅಷ್ಟ ಅಂದ್ರ ಗಾಡಿ ಕರೀ ಹೊಗಿ ಬಿಡತೈತಿ, ಪ್ಲಗ್ ಕಟ್ಟತೈತಿ. ಅಲ್ಲಿ ಗಾಡಿ ಮ್ಯಾಲ ಸಿಟ್ಟಾಗಬ್ಯಾಡ. ಅದಕ್ಕೂ ದಮ್ಮು ಹತ್ತತೈತಿ.”

ಮೇ 7ರಂದು ಲೋಕಸಭೆಯ ಚುನಾವಣೆಯಲ್ಲಿ ನನ್ನ ಮೊದಲ ಮತ ಹಾಕಿ, ಬೆರಳಿನ ಮಸಿ ಮಾಸುವ ಮೊದಲೇ, 2024ರ ಮೇ 20ರ ಸೋಮವಾರ ಬೆಳಗಿನಲ್ಲಿ ಹೊರಟೆನು. ಕುಷ್ಟಗಿಯಿಂದ ವಿಜಯಪುರದವರೆಗೆ 50ನೆಯ ಹೆದ್ದಾರಿ. ಅಲ್ಲಿಂದ ಮುಂದೆ 52ನೆಯದು. ಅಂಕೋಲೆಯ ಸಮುದ್ರದ ದಂಡೆಯಿಂದ ಹೊರಟ ಈ ಹೆದ್ದಾರಿ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೂರು, ಕೋಟಾ, ಜಯಪುರ ಎಂದು ದೇಶದ ನಡುವೆ ಗೆರೆ ಎಳೆದಂತೆ ಹೋಗಿ ಪಂಜಾಬಿನ ಸಂಗರೂರಿನಲ್ಲಿ ಮುಗಿಯುತ್ತದೆ. ನಮ್ಮ ಸೀಮೆಯ ರಸ್ತೆಯೊಂದನ್ನು ಹಿಡಿದರೆ ಬಿಡದೆ ಪಂಜಾಬಿಗೆ ಮುಟ್ಟಬಹುದೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ರಾತ್ರಿ ಧರ್ಮಶಾಲೆಗಳಲ್ಲಿ, ಗುರುದ್ವಾರಗಳಲ್ಲಿ, ಒಂದೆರಡು ಕಡೆ ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ ಮಲಗಿದೆನು. ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ರಾಜಸ್ಥಾನದವರೆಗೆ ಬಂದವು.

ಹಿಮವನ್ನು ನೋಡಲು ಹೊರಟವನಿಗೆ ಮೊದಲು ಎದುರಾದದ್ದು ಬೆಂಕಿ. ಆ ವರ್ಷ ಮೇ 28ರಂದು ರಾಜಸ್ಥಾನದ ಚೂರು ಎಂಬಲ್ಲಿ 50.5 ಡಿಗ್ರಿ ಉಷ್ಣತೆ ದಾಖಲಾಯಿತು. ಆ ಹಗಲೆಲ್ಲ ನಾನು ಅದರ ಹಿಂದಿನ ಊರಾದ ಸೀಕರದ ಧರ್ಮಶಾಲೆಯಲ್ಲಿ ಒದ್ದೆ ಪಂಚೆ ಹೊದ್ದು ಮಲಗಿದ್ದು, ರಾತ್ರಿ ಎರಡು ಗಂಟೆಗೆ ಎದ್ದು ಚೂರುವನ್ನು ಕತ್ತಲೆಯಲ್ಲಿ ದಾಟಿದೆನು. ಬಿಸಿಲಿಗೆ ಅಂಜಿ ಬೇಗ ಏಳುವ ಈ ರೂಢಿಯೇ ಮುಂದೆ ನನ್ನನ್ನು ಕೆಡವಿತು.

ಮೇ 31ರ ಸಂಜೆ ಮನಾಲಿ ಸೇರಿದೆನು. ಗಾಡಿ ಸುಮಾರು 2,500 ಕಿಲೋಮೀಟರು ಓಡಿತ್ತು. ಮರುದಿನ ಹಿಮಾಚಲದಲ್ಲಿ ಮತದಾನ, ಅಂಗಡಿಗಳೆಲ್ಲ ಮುಚ್ಚಿದ್ದವು. ಎರಡು ದಿನ ಸುಮ್ಮನೆ ಕುಳಿತು ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಂಡೆನು. ಮುಂಚೆ ಮನಾಲಿಯಿಂದ ಲಾಹೌಲ್ ಸೀಮೆಗೆ ಹೋಗಬೇಕಾದರೆ 3,978 ಮೀಟರು ಎತ್ತರದ ರೋಹ್ತಾಂಗ್ ಕಣಿವೆಯನ್ನು ಹತ್ತಿ ಇಳಿಯಬೇಕಾಗಿತ್ತು. 2020ರ ಅಕ್ಟೋಬರ್ 3ರಂದು ಅದರ ಕೆಳಗೆ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ಕಷ್ಟ ತಪ್ಪಿದೆ. ಸುರಂಗದ ಈಚೆ ದೇವದಾರುವಿನ ಹಸಿರು ಕಾಡು. ಆಚೆ ಹೊರಬಿದ್ದೊಡನೆ ಬೋಳು ಬೆಟ್ಟ, ಬಿಳಿಯ ತಲೆಗಳು.

ಮುಂದೆ ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ಎಂಬ ಎರಡು ನದಿಗಳು ಕೂಡಿ ಚಂದ್ರಭಾಗೆಯಾಗುತ್ತವೆ. ಅದೇ ಮುಂದೆ ಚಿನಾಬ್. ಈ ಎರಡು ನದಿಗಳೂ ಹುಟ್ಟುವುದು ಬರಾಲಾಚಾದ ಮಗ್ಗುಲುಗಳಲ್ಲಿಯೇ. ಒಂದೇ ಬೆಟ್ಟದ ಬೇರೆ ಬೇರೆ ಕಡೆಗೆ ಇಳಿದು, ದೂರ ಸುತ್ತಿ, ಇಲ್ಲಿ ಭೇಟಿಯಾಗುತ್ತವೆ. ನಾನು ಭಾಗಾ ನದಿಯ ಗುಂಟ ಮೇಲೆ ಹೋಗಬೇಕಾಗಿತ್ತು.

ಜೂನ್ 3ರಂದು ಕೇಲಾಂಗದಲ್ಲಿ ಇಳಿದುಕೊಂಡು, 4ರಂದು ಜಿಸ್ಪಾಕ್ಕೆ ಹೋದೆನು. ಅಂದು ದೇಶದ ಮತ ಎಣಿಕೆ. ನಾನು ಇಳಿದ ಮನೆಯಲ್ಲಿ ಊರ ಜನ ಟಿ.ವಿ.ಯ ಮುಂದೆ ಕುಳಿತಿದ್ದರು. ಆ ಮನೆಯ ಯಜಮಾನಿ, ನಮ್ಮ ಅವ್ವನ ವಯಸ್ಸಿನವಳು, ಚಹಾದ ಲೋಟ ಕೊಡುವಾಗ ನನ್ನ ಬೆರಳನ್ನು ನೋಡಿ ತನ್ನ ಬೆರಳನ್ನು ಅದರ ಪಕ್ಕಕ್ಕೆ ಹಿಡಿದಳು. ಅವಳ ಮಸಿ ಮೂರು ದಿನದ್ದು, ಕಡುಕಪ್ಪು. ನನ್ನದು ಉಗುರಿನ ತುದಿಗೆ ಸರಿದಿತ್ತು. ಇಬ್ಬರೂ ನಕ್ಕೆವು. ಆ ಸಲಿಗೆಯಿಂದಲೇ ಅವಳು ನನಗೆ ಒಂದು ಮಾತು ಹೇಳಿದಳು:

“ನಾಳೆ ಎಂಟು ಗಂಟೆಗೆ ಮೊದಲು ಜಿಂಗ್‌ಜಿಂಗ್‌ಬಾರ್ ಬಿಟ್ಟು ಮೇಲೆ ಹೋಗಬೇಡ ಮಗನೆ.”

ಜಿಂಗ್‌ಜಿಂಗ್‌ಬಾರ್ ಎಂದರೆ ಕಣಿವೆಗೆ ಮೊದಲಿನ ಕೊನೆಯ ನೆಲೆ. ನಾನು ತಲೆಯಾಡಿಸಿದೆನು, ಆದರೆ ಮನಸ್ಸಿನಲ್ಲಿ ಒಪ್ಪಲಿಲ್ಲ. ಮಧ್ಯಾಹ್ನವಾದರೆ ಹಿಮ ಕರಗಿ ಹಳ್ಳಗಳು ಮೊಣಕಾಲುದ್ದ ಹರಿಯುತ್ತವೆ, ಆದಷ್ಟು ಬೇಗ ದಾಟಬೇಕು ಎಂದು ನಾನು ಓದಿದ್ದೆನು. ಓದಿದ್ದು ಸುಳ್ಳಲ್ಲ. ಆದರೆ “ಬೇಗ” ಎಂಬುದಕ್ಕೂ ಒಂದು ಮಿತಿ ಇದೆಯೆಂದು ಆ ತಾಯಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪದವಿ ಓದುವವನಿಗೆ, ಓದಿದ ಮಾತಿನ ಮೇಲೆ ಇರುವ ನಂಬಿಗೆ ಕೇಳಿದ ಮಾತಿನ ಮೇಲೆ ಇರುವುದಿಲ್ಲ.

ಜೂನ್ 5ರಂದು ನಸುಕಿನಲ್ಲಿ ನಾಲ್ಕೂವರೆಗೆ ಹೊರಟೆನು. ದಾರ್ಚಾದ ಚೌಕಿಯಲ್ಲಿ ಪೊಲೀಸರು ಗಾಡಿಯ ಸಂಖ್ಯೆ ಬರೆದುಕೊಂಡರು. “ಕೆ.ಎ. 37? ಯಾವ ಊರು?” “ಕೊಪ್ಪಳ.” “ಅಕೇಲಾ?” ಒಬ್ಬನೇ ಏನು, ಎಂದು. “ಹೌದು” ಎಂದೆನು. ಆ ಪದ ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತೆಂಬುದನ್ನು ಮುಚ್ಚಿಡಲಾರೆ.

ದಾರ್ಚಾದಿಂದ ರಸ್ತೆ ಒಂದೇ ಸವನೆ ಏರುತ್ತದೆ. ಗಾಡಿ ಮೊದಲು ಮೂರನೆಯ ಗೇರಿಗೆ, ಆಮೇಲೆ ಎರಡನೆಯದಕ್ಕೆ, ಕೊನೆಗೆ ಒಂದನೆಯದಕ್ಕೆ ಇಳಿಯಿತು. ಚಾಚಾ ಹೇಳಿದ್ದು ನಿಜವಾಗಿತ್ತು. ಕಣಿವೆಯ ತುದಿ ಸುಮಾರು 4,890 ಮೀಟರು. ಅಲ್ಲಿಯ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ನೂರಕ್ಕೆ 55ರಷ್ಟು ಮಾತ್ರ. ಕಾರ್ಬ್ಯುರೇಟರಿನ ಹಳೆಯ ಗಾಡಿಗೆ ಗಾಳಿ ಕಡಿಮೆಯಾದುದು ತಿಳಿಯುವುದಿಲ್ಲ; ಕೆಳಗೆ ಕೊಟ್ಟಷ್ಟೇ ಪೆಟ್ರೋಲನ್ನು ಮೇಲೆಯೂ ಕೊಡುತ್ತ ಹೋಗುತ್ತದೆ; ಅದು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಎರಡು ಸಾರೆ ನಿಲ್ಲಿಸಿ ಏರ್ ಸ್ಕ್ರೂ ತಿರುಗಿಸಿ, ಪ್ಲಗ್ಗು ಒರೆಸಿ ಹಾಕಿದೆನು. ಪ್ಲಗ್ಗು ಬಿಚ್ಚುವಷ್ಟರಲ್ಲಿ ನನಗೇ ಒಂದು ಚೀಲ ಜೋಳ ಹೊತ್ತವನಂತೆ ಏದುಸಿರು ಬರುತ್ತಿತ್ತು.

ಜಿಂಗ್‌ಜಿಂಗ್‌ಬಾರ್ ದಾಟಿದಾಗ ಏಳು ಗಂಟೆ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಹಿಮದ ಗೋಡೆಗಳು. ಚಳಿಗಾಲದಲ್ಲಿ ಬಿದ್ದ ಹಿಮವನ್ನು ಯಂತ್ರದಿಂದ ಕಡಿದು ದಾರಿ ಮಾಡಿರುತ್ತಾರೆ. ಕಡಿದ ಅಂಚು ಆಳೆತ್ತರ, ಕೆಲವೆಡೆ ಅದರ ಎರಡು ಪಟ್ಟು. ಬಿಸಿಲು ಇನ್ನೂ ಕೆಳಗಿಳಿದಿರಲಿಲ್ಲ. ರಸ್ತೆ ಬರಿದೇ ಒದ್ದೆಯಾದಂತೆ ಕಪ್ಪಾಗಿ ಕಾಣುತ್ತಿತ್ತು.

ಅದು ಒದ್ದೆಯಲ್ಲ. ಹಗಲಿನಲ್ಲಿ ಗೋಡೆಗಳು ಕರಗಿ ರಸ್ತೆಯ ಮೇಲೆ ನೀರು ಹರಿಯುತ್ತದೆ. ರಾತ್ರಿ ಆ ನೀರು ಹೆಪ್ಪುಗಟ್ಟಿ ತೆಳುವಾದ ಗಾಜಾಗುತ್ತದೆ. ಗಾಜಿನೊಳಗಿಂದ ಡಾಂಬರಿನ ಕಪ್ಪು ಕಾಣುವುದರಿಂದ ಗಾಜು ಇದೆಯೆಂದೇ ತೋರುವುದಿಲ್ಲ. ಹಿಮವನ್ನು ನೋಡಿದರೆ ಗೊತ್ತಾಗುತ್ತದೆ. ಇದನ್ನು ಬಿದ್ದೇ ತಿಳಿಯಬೇಕು. ಕಿನ್ನಾಳದಲ್ಲಿ ಐಸೆಂದರೆ ಜಾತ್ರೆಯಲ್ಲಿ ಮಾರುವ ಕ್ಯಾಂಡಿ. ಅದು ನಾಲಗೆಯನ್ನು ಬಿಟ್ಟರೆ ಯಾರನ್ನೂ ಹಿಡಿದದ್ದಿಲ್ಲ.

ಮೊದಲ ಸಾರೆ ಹಿಂದಿನ ಚಕ್ರ ಜಾರಿ ಬಿದ್ದೆನು, ಎದ್ದೆನು. ಎರಡನೆಯ ಸಾರೆ ಗಾಬರಿಯಿಂದ ಮುಂದಿನ ಬ್ರೇಕು ಮುಟ್ಟಿದೆನು. ಮುಟ್ಟಿದೊಡನೆ ಚಕ್ರ ನಿಂತು ಗಾಡಿ ಮಗ್ಗುಲಾಯಿತು. ಕ್ಲಚ್ಚಿನ ಹಿಡಿ ಬಾಗಿತು. ಎಬ್ಬಿಸಲು ಹೋದರೆ ಕಾಲಿಗೆ ಹಿಡಿತವಿಲ್ಲ. ಗಾಡಿಯೂ ನಾನೂ ಒಟ್ಟಿಗೆ ಜಾರುತ್ತಿದ್ದೆವು. ಮೂರನೆಯ ಸಾರೆ ಎಡಗಾಲು ಗಾಡಿಯ ಕೆಳಗೆ ಸಿಕ್ಕಿತು. ಬಹಳ ಹೊತ್ತಿನ ಮೇಲೆ ಎಳೆದುಕೊಂಡಾಗ ಹಿಮ್ಮಡಿಯ ಕೀಲು ಉಳುಕಿ ಊದಿತ್ತು. ಪೆಟ್ರೋಲು ಸೋರುತ್ತಿತ್ತು. ಗಾಡಿಯನ್ನು ಎತ್ತುವ ಆಸೆ ಬಿಟ್ಟು ಹಿಮದ ಗೋಡೆಗೆ ಒರಗಿ ಕುಳಿತೆನು.

ಉಣ್ಣೆಯ ಕೈಗವಸು ತೊಯ್ದು ಕೈಗೆ ಅಂಟಿತ್ತು. ಮೊದಲು ಬೆರಳುಗಳು ಉರಿದವು. ಆಮೇಲೆ ಉರಿ ನಿಂತಿತು. ಉರಿ ನಿಂತದ್ದು ಒಳ್ಳೆಯದೆಂದು ತಿಳಿದಷ್ಟು ಮೂಢ ನಾನು. ಮೊಬೈಲು ತೆಗೆದರೆ ಸಂಪರ್ಕವಿಲ್ಲ. ಹಿಂದೆ ಮುಂದೆ ಒಂದು ವಾಹನವಿಲ್ಲ. ಎಂಟಕ್ಕೆ ಮೊದಲು ಅಲ್ಲಿಗೆ ಬರುವ ಮೂರ್ಖರು ಇನ್ನಾರೂ ಇರಲಿಲ್ಲ. ಇಂಥ ವೇಳೆಯಲ್ಲಿ ಮನುಷ್ಯನಿಗೆ ದೊಡ್ಡ ವಿಚಾರಗಳು ಬರುತ್ತವೆಂದು ಪುಸ್ತಕಗಳಲ್ಲಿ ಓದಿದ್ದೇನೆ. ನನಗೆ ಬಂದದ್ದು ಒಂದೇ ವಿಚಾರ: ನನ್ನನ್ನು ಒಯ್ಯಲು ಅಪ್ಪ ಇಲ್ಲಿಯವರೆಗೆ ಬರಬೇಕಾದರೆ ಎಷ್ಟು ಖರ್ಚಾದೀತು? ಹುಬ್ಬಳ್ಳಿ ದಾಟದ ಮನುಷ್ಯ ಯಾರನ್ನು ಕೇಳಿ ಬಂದಾನು? ರೈಲಿನ ದುಡ್ಡನ್ನು ಯಾರ ಹತ್ತಿರ ಇಸಿದುಕೊಂಡಾನು? ಲೆಕ್ಕ ಹಾಕುತ್ತ ಹಾಕುತ್ತ ಅಳು ಬಂದಿತು.

ಅಷ್ಟರಲ್ಲಿ ಕೆಳಗಿನಿಂದ ಸಲಿಕೆಗಳ ಸಪ್ಪಳ ಕೇಳಿಸಿತು. ತಲೆಗೆ ಬಟ್ಟೆ ಸುತ್ತಿಕೊಂಡ ನಾಲ್ವರು, ಬುಟ್ಟಿಗಳಲ್ಲಿ ಕಡಿ ಮತ್ತು ಮಣ್ಣು ಹೊತ್ತುಕೊಂಡು ಬರುತ್ತಿದ್ದರು. ಗಡಿ ರಸ್ತೆಗಳ ಸಂಸ್ಥೆಯ ಕೂಲಿಗಳು. 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಮನಾಲಿ–ಲೇಹ ರಸ್ತೆಯನ್ನು ನೋಡಿಕೊಳ್ಳುತ್ತದೆ. ಯಂತ್ರಗಳು ಹಿಮ ಕಡಿಯುತ್ತವೆ ನಿಜ. ಆದರೆ ದಿನದಿನವೂ ಬೆಳಿಗ್ಗೆ ಆ ಗಾಜಿನ ಮೇಲೆ ಕಡಿ ಎರಚಿ ಚಕ್ರಕ್ಕೆ ಹಿಡಿತ ಕೊಡುವುದು ಮನುಷ್ಯರ ಕೈ. ಅವರಲ್ಲಿ ಬಹುಜನ ಬಿಹಾರ, ಝಾರ್ಖಂಡಗಳಿಂದ ಬೇಸಿಗೆಯ ತಿಂಗಳುಗಳಿಗೆಂದು ಬರುತ್ತಾರೆ.

ಅವರಲ್ಲಿ ಹಿರಿಯವನು ನನ್ನನ್ನೂ ಗಾಡಿಯನ್ನೂ ನೋಡಿ, “ಅಕೇಲಾ?” ಎಂದನು. ಪೊಲೀಸರು ಕೇಳಿದ್ದೇ ಪ್ರಶ್ನೆ. ಈ ಸಾರೆ ಉತ್ತರ ಬಾಯಿಂದ ಹೊರಡಲಿಲ್ಲ. ಅವನು ನನ್ನ ಕೈಗವಸುಗಳನ್ನು ಕಿತ್ತೆಸೆದು, ತನ್ನ ಅಂಗಿಯ ಗುಂಡಿ ಬಿಚ್ಚಿ, ನನ್ನ ಎರಡೂ ಕೈಗಳನ್ನು ತನ್ನ ಕಂಕುಳುಗಳಲ್ಲಿ ಇಟ್ಟುಕೊಂಡನು. ನನ್ನ ಅಪ್ಪನೂ ನಾನು ಬುದ್ಧಿ ಬಲ್ಲಂದಿನಿಂದ ನನ್ನನ್ನು ಹಾಗೆ ಹಿಡಿದುಕೊಂಡದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳಿಗೆ ಜೀವ ಬಂದು ಚೀರುವಷ್ಟು ನೋವಾಯಿತು. “ನೋಯಲಿ, ನೋಯಲಿ, ಒಳ್ಳೆಯದು” ಎಂದು ಅವನು ನಕ್ಕನು. ಅವನ ಊರು ಝಾರ್ಖಂಡದ ದುಮಕಾ ಸೀಮೆ.

“ನಿಮ್ಮೂರಲ್ಲಿ ಹಿಮ ಬೀಳುತ್ತದೆಯೆ?” ಎಂದು ಕೇಳಿದನು.

“ಇಲ್ಲ.”

“ನಮ್ಮೂರಲ್ಲೂ ಇಲ್ಲ” ಎಂದನು.

ಉಳಿದ ಮೂವರು ಗಾಡಿಯನ್ನು ಎತ್ತಿ ನಿಲ್ಲಿಸಿದರು. ಎಷ್ಟು ಒದ್ದರೂ ಅದು ಹೊತ್ತಲಿಲ್ಲ. ಹೊತ್ತಿದ್ದರೂ ಉಳುಕಿದ ಕಾಲಿನಿಂದ ಗೇರು ಹಾಕುವಂತಿರಲಿಲ್ಲ. ಎಂಟೂವರೆಯ ಸುಮಾರಿಗೆ ಸರ್ಚುವಿನ ಡೇರೆಗಳಿಗೆ ತರಕಾರಿ ಒಯ್ಯುವ ಪಿಕಪ್ ಒಂದು ಬಂದಿತು. ಹಿರಿಯವನು ಅದನ್ನು ತಡೆದು ಚಾಲಕನೊಡನೆ ಮಾತಾಡಿದನು. ನಾಲ್ವರೂ ಕೂಡಿ ಗಾಡಿಯನ್ನು ಎತ್ತಿ ಕೋಸುಗಡ್ಡೆಯ ಚೀಲಗಳ ಮೇಲೆ ಮಲಗಿಸಿ ಹಗ್ಗ ಬಿಗಿದರು; ನನ್ನನ್ನು ಎತ್ತಿ ಚಾಲಕನ ಪಕ್ಕದಲ್ಲಿ ಕೂಡಿಸಿದರು.

ಸಹಪಾಠಿ ಮಿತ್ರರೆ, ನಾನು ಬರಾಲಾಚಾ ಕಣಿವೆಯನ್ನು ಏರಿದ್ದು ಹೀಗೆ. ಭಾಗಾ ನದಿಯ ಮೂಲವಾದ ಸೂರಜ್ ತಾಲ್ ಸರೋವರವನ್ನು, ಅರ್ಧ ಹೆಪ್ಪುಗಟ್ಟಿ ನೀಲಿಯಾಗಿದ್ದುದನ್ನು, ಪಿಕಪ್ಪಿನ ಕಿಟಕಿಯಿಂದ ನೋಡಿದೆನು. ಕಣಿವೆಯ ತುದಿಯಲ್ಲಿ, ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳಿದ್ದಲ್ಲಿ, ಚಾಲಕ ವಾಹನ ನಿಲ್ಲಿಸಿ, “ಇಳಿ, ಫೋಟೋ ತೆಗೆಯುತ್ತೇನೆ, ಎಲ್ಲರೂ ತೆಗೆಸುತ್ತಾರೆ” ಎಂದನು. ನಾನು ಕುಂಟುತ್ತ ಇಳಿದು, ಹೆಲ್ಮೆಟ್ಟು ಹಾಕಿಕೊಂಡು, ಬೀಳದಂತೆ ಫಲಕವನ್ನು ಹಿಡಿದು ನಿಂತೆನು. ಆ ಚಿತ್ರವೇ ನೀವೆಲ್ಲ ನೋಡಿದ್ದು. ಒಬ್ಬನೇ ಹೋದವನ ಪೂರ್ತಿ ಚಿತ್ರವನ್ನು ಅಷ್ಟು ದೂರದಿಂದ ತೆಗೆದವರು ಯಾರೆಂದು ನಮ್ಮ ಕಾಲೇಜಿನಲ್ಲಿ ಈವರೆಗೆ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸರ್ಚು ಸುಮಾರು 4,290 ಮೀಟರು ಎತ್ತರದ ಬಯಲು. ಅಲ್ಲಿಯ ಡೇರೆಯೊಂದರಲ್ಲಿ ಎರಡು ರಾತ್ರಿ ತಲೆ ಸಿಡಿಯುತ್ತ ನಿದ್ರೆಯಿಲ್ಲದೆ ಕಳೆದೆನು. ಡೇರೆಯವನು ಬೆಳ್ಳುಳ್ಳಿಯ ಸಾರು ಕೊಟ್ಟನು. ಕಾಲಿಗೆ ಬಟ್ಟೆ ಕಟ್ಟಿದನು. ಗಾಡಿಯ ಪ್ಲಗ್ಗು ಬದಲಿಸಿ, ಕ್ಲಚ್ಚಿನ ಹಿಡಿಯನ್ನು ಕಲ್ಲಿನಿಂದ ಬಡಿದು ನೇರ ಮಾಡಿದೆನು. ಲೇಹದ ಆಸೆ ಅಲ್ಲಿಯೇ ಬಿಟ್ಟಿತು. ಜೂನ್ 7ರಂದು ಒಂಬತ್ತೂವರೆಗೆ ಹೊರಟು, ಹನ್ನೊಂದರ ಸುಮಾರಿಗೆ ಅದೇ ಕಣಿವೆಯನ್ನು ಗಾಡಿಯ ಮೇಲೆಯೇ ದಾಟಿ ಇಳಿದೆನು. ಆಗ ಅಲ್ಲಿ ಗಾಜಿರಲಿಲ್ಲ. ಬಿಸಿಲಿಗೆ ಕರಗಿತ್ತು, ನೆರಳಿದ್ದಲ್ಲೆಲ್ಲ ಕಡಿ ಬಿದ್ದಿತ್ತು. ಎರಡು ದಿನದ ಹಿಂದೆ ನನ್ನ ಜೀವ ತೆಗೆಯಬಹುದಾಗಿದ್ದ ದಾರಿಯಲ್ಲಿ ಯಾರೂ ಹೋಗಬಹುದಾಗಿತ್ತು. ಜಿಸ್ಪಾದ ಆ ತಾಯಿ “ಎಂಟು ಗಂಟೆ” ಎಂದದ್ದು ಬರಿಯ ಸೂರ್ಯನ ವೇಳೆಯಲ್ಲ, ಆ ನಾಲ್ವರು ಕೆಲಸಕ್ಕೆ ಬರುವ ವೇಳೆಯೂ ಹೌದೆಂದು ಅಲ್ಲಿ ತಿಳಿಯಿತು.

ಅವರು ಇನ್ನೂ ಕೆಳಗಿನ ತಿರುವಿನಲ್ಲಿ ಕೆಲಸ ಮಾಡುತ್ತಿದ್ದರು. ಹಿರಿಯವನಿಗೆ ಒಂದು ಗಿಳಿ ಕೊಟ್ಟೆನು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಯಾರು ಮಾಡಿದ್ದು?” ಎಂದನು. “ನಮ್ಮ ಅಪ್ಪ” ಎಂದೆನು. ಊರಲ್ಲಿರುವ ಮಗಳಿಗೆಂದು ಒಳಗಿನ ಕಿಸೆಯಲ್ಲಿ ಇಟ್ಟುಕೊಂಡನು. ಇನ್ನೊಂದನ್ನು ಜಿಸ್ಪಾದ ತಾಯಿಗೆ ಕೊಟ್ಟೆನು. ಅವಳು ನನ್ನ ಕಾಲನ್ನು ನೋಡಿ ಏನೂ ಕೇಳಲಿಲ್ಲ.

ಅಂದು ಸಂಜೆ ಕೇಲಾಂಗದಲ್ಲಿ ಮೊಬೈಲಿಗೆ ಸಂಪರ್ಕ ಬಂದಿತು. ಚಿತ್ರ ಕಳಿಸಿ, ಕೆಳಗೆ ಏನು ಬರೆಯಲಿ ಎಂದು ಕ್ಷಣ ಯೋಚಿಸಿದೆನು. ಬರುವಾಗ ಗಾಡಿಯ ಮೇಲೆಯೇ ದಾಟಿದ್ದೇನಲ್ಲ, ಸುಳ್ಳೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ, “ಒಬ್ಬನೇ ದಾಟಿದೆ” ಎಂದು ಬರೆದೆನು. ಊರು ಮುಟ್ಟುವಷ್ಟರಲ್ಲಿ ಆ ಸಾಲು ನನಗಿಂತ ಮುಂಚೆ ಮುಟ್ಟಿತ್ತು. ಅಪ್ಪ ಪಕ್ಕದ ಮನೆಯವರ ಮೊಬೈಲಿನಲ್ಲಿ ಆ ಚಿತ್ರವನ್ನು ಊರಿಗೆಲ್ಲ ತೋರಿಸಿದ್ದರು. ಮುಂದೆ ಶಾಲು ಬಂದಿತು, ಭಾಷಣ ಬಂದಿತು. ಭಾಷಣದಲ್ಲಿ ನಾನು ಹಿಮದ ಮೇಲೆ ಗಾಡಿ ಓಡಿಸುವ ಬಗೆಯನ್ನು ಕೂಡ ವಿವರಿಸಿದೆನು. ಸುಳ್ಳಿನ ಗುಣವೇ ಹಾಗೆ. ನಿಲ್ಲಲು ಜಾಗ ಕೊಟ್ಟರೆ ಕೂಡಲು ಚಾಪೆ ಕೇಳುತ್ತದೆ.

ಇಷ್ಟೇ ಆಗಿದ್ದರೆ ಬಹುಶಃ ಎಂದೆಂದಿಗೂ ಸುಮ್ಮನಿರುತ್ತಿದ್ದೆನು. ಆದರೆ ಈ ವರ್ಷ ಪ್ರಥಮ ಬಿ.ಎ.ಗೆ ಸೇರಿದ ಹುಡುಗನೊಬ್ಬ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದನು. ಬರುವ ಬೇಸಿಗೆಯಲ್ಲಿ ತಾನೂ ಹೋಗುತ್ತೇನೆಂದನು. ಗಾಡಿ ಸಿದ್ಧವಾಗಿದೆ, ಮನೆಯಲ್ಲಿ ಒಪ್ಪಿಸಿದ್ದಾನೆ. “ನೀವ ಹೋಗಿ ಬಂದೀರಿ ಅಂತ ಹೇಳಿನ ಒಪ್ಪಿಸೇನ್ರಿ ಅಣ್ಣಾ” ಎಂದನು. ಆಮೇಲೆ ಕೇಳಿದನು: “ಐಸಿನ ಮ್ಯಾಲ ಗಾಡಿ ಹೆಂಗ ತಡದ್ರಿ?”

“ಸಾವಕಾಶ ಹೋಗಬೇಕಪಾ” ಎಂದೆನು. ಅವನು ತೃಪ್ತಿಯಿಂದ ಹೋದನು.

ಆ ರಾತ್ರಿ ನಿದ್ರೆ ಬರಲಿಲ್ಲ. ಇಲ್ಲಿಯವರೆಗೆ ನನ್ನ ಸುಳ್ಳಿನಿಂದ ಕೆಟ್ಟವರು ಯಾರೂ ಇಲ್ಲವೆಂದು ತಿಳಿದಿದ್ದೆನು. ಈಗ ಅದನ್ನು ನಂಬಿ ಒಬ್ಬ ಹುಡುಗ ನಸುಕಿನಲ್ಲಿ ಆ ಗಾಜಿನ ಮೇಲೆ ಹೋಗುವವನಿದ್ದ. ಅವನ ಅಪ್ಪನೂ ಹುಬ್ಬಳ್ಳಿ ದಾಟಿದವನಲ್ಲದಿರಬಹುದು.

ಮರುದಿನ ಅವನನ್ನು ಹುಡುಕಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂಡಿಸಿಕೊಂಡು, ಇಲ್ಲಿ ಬರೆದಷ್ಟನ್ನೂ ಹೇಳಿದೆನು. ಅವನ ಮುಖ ಸಪ್ಪಗಾಯಿತು. “ಹಂಗಾದ್ರ ಹೋಗಬಾರದೇನ್ರಿ?” ಎಂದನು. “ಹೋಗು. ಆದರ ನಾ ಹೋದಂಗ ಹೋಗಬ್ಯಾಡ” ಎಂದು ಹೇಳಿದೆನು: ನಡುವೆ ಎರಡು ಮೂರು ರಾತ್ರಿ ತಂಗಿ ಮೈಯನ್ನು ಎತ್ತರಕ್ಕೆ ಒಗ್ಗಿಸು, ಉಣ್ಣೆಯ ಮೇಲೆ ನೀರು ಹಿಡಿಯದ ಕೈಗವಸು ಬೇಕು, ಬೆರಳಿನ ಉರಿ ನಿಂತರೆ ಅದು ಅಪಾಯದ ಗುರುತು, ಕಪ್ಪಾಗಿ ಮಿನುಗುವ ರಸ್ತೆಯನ್ನು ನಂಬಬೇಡ, ಅಲ್ಲಿ ಮುಂದಿನ ಬ್ರೇಕು ಮುಟ್ಟಬೇಡ, ಮೇಲಿನ ಹಳ್ಳಗಳನ್ನು ಮಧ್ಯಾಹ್ನದೊಳಗೆ ದಾಟು, ಆದರೆ ಎಂಟು ಗಂಟೆಗೆ ಮೊದಲು ಕಣಿವೆಗೆ ಏರಬೇಡ, ಊರಿನ ಜನ ಏನಾದರೂ ಹೇಳಿದರೆ ಕೇಳು.

ಮನೆಗೆ ಬಂದು ಅಪ್ಪನಿಗೂ ಹೇಳಿದೆನು. ಅವರು ಒಂದು ಗರುಡನ ರೆಕ್ಕೆಯನ್ನು ಜೋಡಿಸುತ್ತಿದ್ದರು. ಮರದ ಪುಡಿ, ನಾರು, ಹುಣಸೆ ಬೀಜದ ಅಂಟು ಕೂಡಿಸಿ ಅರೆದ ಕಿಟ್ಟವನ್ನು ಬೆರಳಿನಿಂದ ಸಂದಿಗೆ ಒತ್ತುತ್ತಿದ್ದರು. ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದರು.

“ಸಂದಿಗೆ ಕಿಟ್ಟ ತುಂಬದ ಬಣ್ಣ ಹಚ್ಚಿದ್ರ ನೋಡಾಕ ಬೊಂಬಿ ಚಂದನ ಕಾಣತೈತಿ ತಮ್ಮಾ. ಒಂದು ಬ್ಯಾಸಗಿ ಕಳೀಲಿ, ಬಿರುಕು ತಾನ ಮ್ಯಾಲ ಬರತೈತಿ. ಈಗರ ತುಂಬಿದ್ಯಲ್ಲ, ಬಿಡು.” ಸ್ವಲ್ಪ ತಡೆದು, “ಊರಾಗ ನಾನ ಹೇಳತೇನಿ” ಎಂದರು.

ಹೇಳಿಯೂ ಹೇಳಿದರು. ಚಿತ್ರ ತೋರಿಸಿದ ಮನೆಗಳಿಗೆಲ್ಲ ಹೋಗಿ, “ನಮ್ಮ ಹುಡುಗ ಬಿದ್ದಿದ್ದನಂತ. ಝಾರ್ಖಂಡದ ನಾಲ್ಕು ಮಂದಿ ಎತ್ತಿ ದಾಟಿಸ್ಯಾರ” ಎಂದು ಹೇಳಿ ಬಂದರು. ಊರಿನಲ್ಲಿ ಯಾರೂ ನಗಲಿಲ್ಲವೆಂದು ಹೇಳಿದರೆ ಅದೂ ಸುಳ್ಳಾದೀತು, ಕೆಲವರು ನಕ್ಕರು. ಅವ್ವ ಮಾತ್ರ, “ಆ ಮಂದಿ ಮಕ್ಕಳು ಮರಿ ಚಂದಾಗಿರಲಿ” ಎಂದು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು.

ಕಾಲೇಜಿನಲ್ಲಿ ಹೇಳುವುದು ಮಾತ್ರ ಉಳಿದಿತ್ತು. ಅದನ್ನು ಇಲ್ಲಿ ಹೇಳಿದ್ದೇನೆ. ಶಾಲು ನಮ್ಮ ಟ್ರಂಕಿನಲ್ಲಿದೆ. ಗುರುಗಳು ಹೇಳಿದರೆ ಮರಳಿ ಕೊಡಲು ಸಿದ್ಧನಿದ್ದೇನೆ. ಆ ಚಿತ್ರವನ್ನು ಯಾರಾದರೂ ಇಟ್ಟುಕೊಂಡಿದ್ದರೆ ದಯವಿಟ್ಟು ಕೆಳಗಿನ ಸಾಲನ್ನು ತಿದ್ದಿಕೊಳ್ಳಬೇಕು: “ಬರಾಲಾಚಾ, 2024ರ ಜೂನ್ 5. ದುಮಕಾದ ಹಿರಿಯನೂ ಅವನ ಮೂವರು ಜೊತೆಗಾರರೂ ಎತ್ತಿ ಕಳಿಸಿದರು. ಚಿತ್ರ ತೆಗೆದವನು ತರಕಾರಿ ಗಾಡಿಯ ಚಾಲಕ.”

ಆ ಹುಡುಗ ಬರುವ ಬೇಸಿಗೆಗೆ ಹೊರಡುವುದನ್ನು ಬಿಟ್ಟಿಲ್ಲ. ಕ್ಲಚ್ ವೈರು, ಪ್ಲಗ್ಗುಗಳನ್ನು ನಾನೇ ಕೊಟ್ಟಿದ್ದೇನೆ. ಅಪ್ಪ ಅವನಿಗೆಂದು ಎರಡು ಗಿಳಿ ಮಾಡುತ್ತಿದ್ದಾರೆ. ಎಂಟು ಗಂಟೆಗೆ ಮೊದಲು ಕಣಿವೆಗೆ ಏರುವುದಿಲ್ಲವೆಂದು ಅವನು ನನಗೆ ಮಾತು ಕೊಟ್ಟಿದ್ದಾನೆ.